ಸಿದ್ಧ ತಗಡೋ, ಕೈಯಾರೆ ಒರಟು ಮಾಡಿದ ತಗಡೋ?

ಮೆಜೊಟಿಂಟ್ ಎಂದರೆ ಲೋಹದ ತಗಡನ್ನು ಒರಟು ಮಾಡಿ, ಮಸಿ ಹಚ್ಚಿ ಚಿತ್ರ ಅಚ್ಚು ಹಾಕುವ ವಿಧಾನ. ಅದಕ್ಕೆಂದು ಮೊದಲೇ ಒರಟು ಮಾಡಿಟ್ಟ ಸಿದ್ಧ ತಗಡು ಕೊಳ್ಳುವ ಯೋಚನೆಯಲ್ಲಿರುವವರು ಮೊದಲು ನನ್ನ ಪಾಡು ಕೇಳಿ.

ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂನ ಸಂಗ್ರಹದಲ್ಲಿ ಇಂಗ್ಲಿಷ್ ನಿಸರ್ಗ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್‌ನ ಪುಟ್ಟ ತೈಲಚಿತ್ರವೊಂದಿದೆ: ಈಸ್ಟ್ ಬರ್ಗ್‌ಹೋಲ್ಟ್‌ನ ಬಯಲು, ಉಳುಮೆ, ಗಾಳಿಗಿರಣಿ, ಮೇಲೆ ಓಡುವ ಮೋಡ. ಅಚ್ಚು ಕೆತ್ತನೆಗಾರ ಡೇವಿಡ್ ಲ್ಯೂಕಸ್ ಅದನ್ನು ‘ಸ್ಪ್ರಿಂಗ್’ ಎಂಬ ಹೆಸರಿನಲ್ಲಿ ಮೆಜೊಟಿಂಟ್‌ಗೆ ಇಳಿಸಿದ. 1830ರಿಂದ 1832ರವರೆಗೆ ಕಂತುಗಳಲ್ಲಿ ಹೊರಬಂದ 22 ಅಚ್ಚುಗಳಲ್ಲಿ ಅದೂ ಒಂದು. ಅದನ್ನು ಅಂಗೈಯಗಲದ ತಾಮ್ರದ ಮೇಲೆ ನಾನೂ ಮಾಡಿ ನೋಡಬೇಕೆಂಬ ಹುಚ್ಚು ಹಿಡಿಯಿತು.

ಮೆಜೊಟಿಂಟ್‌ನಲ್ಲಿ ಕೆಲಸ ಕಗ್ಗತ್ತಲಿನಿಂದ ಶುರು. ಹಲ್ಲುಗಳಿರುವ ಬಾಗಿದ ಅಲಗಿನ ಉಪಕರಣವಾದ ರಾಕರ್‌ನಿಂದ ತಗಡನ್ನೆಲ್ಲ ಒರಟು ಮಾಡಬೇಕು, ಆ ಒರಟಿನಲ್ಲಿ ಮಸಿ ನಿಂತು ಕಪ್ಪು ಬರುತ್ತದೆ. ಆಮೇಲೆ ಕೆರೆದು, ನಯಗೊಳಿಸಿ ಬೆಳಕನ್ನು ಹೊರಗೆಳೆಯಬೇಕು. ಒರಟು ಮಾಡುವ ಕೂಲಿ ಉಳಿಯಲೆಂದು ಸಿದ್ಧ ತಗಡು ತರಿಸಿದೆ.

ಅಂಚೆಯಲ್ಲಿ ಬರುವಾಗ ಸುತ್ತಿದ ಕಾಗದ ತಗಡಿಗೆ ಉಜ್ಜಿಕೊಂಡಿತ್ತು. ಒರಟು ಮಾಡಿದಾಗ ತಾಮ್ರದಲ್ಲಿ ಏಳುವ ಸಣ್ಣ ಮುಳ್ಳುಗಳು ಬಹಳ ಮೆತು, ಉಜ್ಜಿದರೆ ಸವೆಯುತ್ತವೆ. ಬರಿಗಣ್ಣಿಗೆ ಏನೂ ಕಾಣಲಿಲ್ಲ. ಮೊದಲ ಪ್ರತಿ ತೆಗೆದಾಗ ಉತ್ತ ನೆಲದ ನಡುವೆ, ಅತಿ ಕಪ್ಪಾಗಿ ಬರಬೇಕಾದ ಜಾಗದಲ್ಲೇ, ಹೆಬ್ಬೆರಳಗಲದ ಬೂದು ಪಟ್ಟಿ! ಮಾರಿದವನನ್ನು ಕೇಳಿದರೆ, ಮಸಿ ಹಚ್ಚಿದ ತಗಡನ್ನು ವಾಪಸು ತೆಗೆದುಕೊಳ್ಳುವುದಿಲ್ಲ ಎಂದ.

ಆ ಜಾಗವನ್ನಷ್ಟೇ ಮತ್ತೆ ಒರಟು ಮಾಡೋಣವೆಂದರೆ ಅದಕ್ಕೆ ರಾಕರ್ ಬೇಕು. ಯಾವ ಕೆಲಸ ತಪ್ಪಿಸಲು ದುಡ್ಡು ಸುರಿದಿದ್ದೆನೋ ಅದೇ ಕೆಲಸ! ಸ್ಟುಡಿಯೋದ ರಾಕರ್‌ನಿಂದ ಮಾಡಿದೆ. ಹಲ್ಲಿನ ಅಳತೆ ಬೇರೆಯಾದ್ದರಿಂದ ಅದು ಹಳೇ ಪಂಚೆಗೆ ಹಾಕಿದ ಹೊಸ ತೇಪೆಯಂತೆ ಎದ್ದು ಕಂಡಿತು.

ಆಮೇಲೆ ಬರಿ ತಾಮ್ರ ತಂದೆ. ಅಡ್ಡ, ಉದ್ದ, ಓರೆ, ಆ ಓರೆಗಳ ನಡುವೆ ಮತ್ತೆ ಓರೆ. ಒಂಬತ್ತು ಸಂಜೆ ಹಿಡಿಯಿತು, ಮಣಿಕಟ್ಟು ನೋಯಿತು. ಒಂದು ಭಾನುವಾರ ಫೋನಿನಲ್ಲಿ ಅಮ್ಮ, “ಏನದು ಕರಕರ, ರಾಗಿ ಬೀಸುತ್ತಿದ್ದೀಯಾ?” ಎಂದು ಕೇಳಿದಳು. ಆದರೆ ಆಕಾಶದ ಭಾಗಕ್ಕೆ ಬೇಕೆಂದೇ ಸುತ್ತು ಕಡಿಮೆ ಮಾಡಿದ್ದೆ, ಹಾಗಾಗಿ ಮೋಡದ ಹೊಟ್ಟೆಯ ಬೂದು ಹಗುರವಾಗಿ ಬಂತು. ಸಿದ್ಧ ತಗಡಿನಲ್ಲಿ ಅದಕ್ಕೆ ಎಷ್ಟು ಕೆರೆದರೂ ಕಡಿಮೆಯೇ. ಕಾನ್‌ಸ್ಟೆಬಲ್ ಪ್ರತಿ ಕರಡು ಅಚ್ಚಿನ ಮೇಲೂ ಗೀಚಿ ಕಳುಹಿಸುತ್ತಿದ್ದಾಗ ಲ್ಯೂಕಸ್‌ಗೆ ಎಷ್ಟು ರೇಗಿರಬೇಕು!

ಆಮ್ಲದಿಂದ ತಗಡನ್ನು ಕೊರೆದು ಛಾಯೆ ತರುವ ಆಕ್ವಾಟಿಂಟ್‌ನಲ್ಲೂ ಒಮ್ಮೆ ನೋಡಿದೆ: ಮೋಡದ ಅಂಚು ಕತ್ತರಿಯಿಂದ ಕತ್ತರಿಸಿದಂತೆ ಬಂತು, ಅಲ್ಲಿಗೆ ಬಿಟ್ಟೆ. ಲ್ಯೂಕಸ್ ಬಳಸಿದ ಉಕ್ಕು ತಾಮ್ರದಷ್ಟು ಬೇಗ ಸವೆಯುವುದಿಲ್ಲ ನಿಜ, ಆದರೆ ನನಗೆ ಬೇಕಾದದ್ದು ಹತ್ತು ಪ್ರತಿ.

ಸಿದ್ಧ ತಗಡಿನ ಬೆಲೆಗೆ ನನಗೆ ನಾಲ್ಕು ಬರಿ ತಗಡು ಸಿಕ್ಕವು. ಸಂಜೆ ಹೊತ್ತು ಹೇಗೂ ಖಾಲಿ. ಸಮಯವಿಲ್ಲದವರು ಸಿದ್ಧ ತಗಡನ್ನೇ ಕೊಳ್ಳಲಿ, ಆದರೆ ಪೊಟ್ಟಣ ಬಿಚ್ಚಿದ ಕೂಡಲೇ ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಲಿ, ಮಸಿ ಮುಟ್ಟಿಸುವ ಮುಂಚೆ.