ಬೀದಿಯ ಗ್ರೂಪ್‌ಗೆ ಯಾವುದು: ವಾಟ್ಸಾಪ್, ಟೆಲಿಗ್ರಾಂ, ಸಿಗ್ನಲ್?

ವಾಟ್ಸಾಪ್ ಎಲ್ಲರ ಫೋನಲ್ಲೂ ಇದೆ, ಅಜ್ಜಿಗೂ ಗೊತ್ತು. 2016ರಿಂದ ಮೆಸೇಜ್‌ಗಳಿಗೆ ಪೂರ್ತಿ ಬೀಗ ಬಿದ್ದಿದೆ, ಅಂದರೆ ಕಳಿಸಿದವರು, ಪಡೆದವರು ಬಿಟ್ಟು ಕಂಪನಿಯೂ ಓದಲಾಗದು. ಆದರೆ ಯಾರ ಜೊತೆ, ಯಾವಾಗ ಮಾತಾಡಿದಿರಿ ಎಂಬ ಮಾಹಿತಿಗೆ ಆ ಬೀಗ ಇಲ್ಲ. ಸಾಮಾನ್ಯವಾಗಿ ಗ್ರೂಪ್ ಸೇರಿದವರ ನಂಬರ್ ಗುರುತಿಲ್ಲದವರಿಗೂ ಕಾಣುತ್ತದೆ. ಹೆಣ್ಣುಮಕ್ಕಳಿಗೆ ಇದೇ ದೊಡ್ಡ ಕಿರಿಕಿರಿ, ಅಲ್ವಾ?

ಫಾರ್ವರ್ಡ್ ಚಟವೂ ಇಲ್ಲೇ ಜಾಸ್ತಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ವದಂತಿ ನಂಬಿದ ಜನ ಒಬ್ಬ ಯುವಕನನ್ನು ಹೊಡೆದು ಕೊಂದರು. ಅದೇ ತಿಂಗಳು ಕಂಪನಿ ಭಾರತದಲ್ಲಿ ಫಾರ್ವರ್ಡ್‌ಗೆ 5 ಚಾಟ್‌ಗಳ ಮಿತಿ ತಂದಿತು. ಗ್ರೂಪ್ ಅಡ್ಮಿನ್ ಆಗುವವರು ಇದನ್ನು ಮರೆಯಬಾರದು.

ಟೆಲಿಗ್ರಾಂನಲ್ಲಿ ನಂಬರ್ ಮುಚ್ಚಿಡಬಹುದು, 2 ಲಕ್ಷ ಜನ ಸೇರಬಹುದು. ಆದರೆ ಗ್ರೂಪ್ ಮಾತುಗಳಿಗೆ ಆ ಪೂರ್ತಿ ಬೀಗ ಇಲ್ಲವೇ ಇಲ್ಲ.

ಸಿಗ್ನಲ್ ನಡೆಸುವುದು ಲಾಭಕ್ಕಾಗಿ ಅಲ್ಲದ ಸಂಸ್ಥೆ. ಜಾಹೀರಾತಿಲ್ಲ. 2024ರಿಂದ ಯೂಸರ್‌ನೇಮ್ ಇದೆ, ನಂಬರ್ ಸುಮ್ನೆ ಎಲ್ಲರಿಗೂ ಕಾಣುವುದಿಲ್ಲ. ಕಷ್ಟ ಒಂದೇ: ಎಲ್ಲರ ಫೋನಿಗೂ ಹಾಕಿಸಬೇಕು.

ನೀರು ಬಿಡುವ ಟೈಮ್ ತಿಳಿಸಲು ವಾಟ್ಸಾಪ್ ಸಾಕು. ಮಹಿಳಾ ಸಂಘಕ್ಕೆ, ಕಾಯಿಲೆ ಕಸಾಲೆ, ಹಣಕಾಸಿನ ಮಾತಿಗೆ ಸಿಗ್ನಲ್ಲೇ ಸರಿ. ಹಾಕಿಸುವ ಕಷ್ಟ ಒಂದು ಸಂಜೆಯದು.