ಮೊದಲ ಜೋಡುನಳಿಗೆ ರೈಫಲ್: ನನ್ನ ಓಟು 9.3×74ಆರ್‌ಗೆ

ಜೋಡುನಳಿಗೆ ರೈಫಲ್ ಹೊಡೆಯಲು ಕಲಿಯಬೇಕು, ಅದರ ತೋಟಾ ಕೂಡ ತಾನೇ ತುಂಬಿಕೊಳ್ಳಬೇಕು ಅಂತ ಆಸೆ ಇರುವವರು ಸುಮ್ನೆ 9.3×74ಆರ್ ತೋಟಾದ ಕೋವಿ ತೆಗೆದುಕೊಳ್ಳಿ (9.3 ಅಂದರೆ ಬುಲೆಟ್ಟಿನ ದಪ್ಪ, ಮಿಲಿಮೀಟರಿನಲ್ಲಿ). ನಾನು ತೆಗೆದುಕೊಂಡದ್ದೂ ಅದನ್ನೇ, ಇವತ್ತಿಗೂ ಖುಷಿಯಾಗಿದ್ದೇನೆ. ನನ್ನ ಗೆಳೆಯನ ಹತ್ತಿರ .470 ನೈಟ್ರೋ ಎಕ್ಸ್‌ಪ್ರೆಸ್ ಇದೆ. ಈ ಹೆಸರಿನದು ಇಂಚಿನ ಲೆಕ್ಕ. ಹಳೇ ಇಂಗ್ಲಿಷ್ ಕೋವಿ, ನೋಡುತ್ತಾ ಕೂರಬೇಕು ಅನಿಸುವಂಥದ್ದು. ಇಬ್ಬರೂ ಒಂದೇ ರೇಂಜಿಗೆ ಹೋಗುತ್ತೇವೆ, ಒಂದೇ ಮೇಜಿನಲ್ಲಿ ತೋಟಾ ತುಂಬುತ್ತೇವೆ, ಕೋವಿ ಅದಲುಬದಲು ಮಾಡಿಕೊಂಡು ಹೊಡೆಯುತ್ತೇವೆ. ಎರಡರ ಏಟೂ ನನ್ನ ಭುಜಕ್ಕೆ ಚೆನ್ನಾಗಿ ಗೊತ್ತು.

.470ಕ್ಕೆ ಇರುವ ಹೆಸರು 9.3ಗೆ ಇಲ್ಲ, ಒಪ್ಪುತ್ತೇನೆ. 1907ರಲ್ಲಿ ಬ್ರಿಟಿಷ್ ಸರ್ಕಾರ ಭಾರತದಲ್ಲಿ .450 ಅಳತೆಯ ಕೋವಿಗಳಿಗೆ ಅಡ್ಡಿ ಹಾಕಿತು. ಮಾರ್ಟಿನಿ-ಹೆನ್ರಿ ಅನ್ನುವ ಹಳೇ ಸೇನಾ ರೈಫಲ್ ಹಿಡಿದ ಬಂಡುಕೋರರಿಗೆ ಅದೇ ಅಳತೆಯ ಬುಲೆಟ್ ಸಿಕ್ಕೀತು ಅನ್ನುವ ಭಯ. ಆಮೇಲೆ .465, .470, .475 ಇವೆಲ್ಲ ಮುಂದೆ ಬಂದವು, ಜಾಸ್ತಿ ಜನ ಹಿಡಿದುಕೊಂಡದ್ದು .470. 9.3×74ಆರ್ ಜರ್ಮನಿಯಲ್ಲಿ ಹುಟ್ಟಿದ ತೋಟಾ. ಕಾಡುಹಂದಿ ಬೇಟೆಯವರ ಕೈಯಲ್ಲಿ ಸದ್ದಿಲ್ಲದೆ ಕೆಲಸ ಮಾಡಿಕೊಂಡು ಬಂದಿದೆ.

ಒದೆತದಿಂದ ಶುರು ಮಾಡೋಣ. .470ಯ 500 ಗ್ರೇನ್ (ಸುಮಾರು 32 ಗ್ರಾಂ) ಬುಲೆಟ್ ಸೆಕೆಂಡಿಗೆ 2150 ಅಡಿ ವೇಗದಲ್ಲಿ ಹೋಗುತ್ತದೆ. 9.3ಯ 286 ಗ್ರೇನ್ ಬುಲೆಟ್ ಸುಮಾರು 2300ರ ಮೇಲೆ. .470 ಕೋವಿ ಒಂದೆರಡು ಪೌಂಡ್ ಜಾಸ್ತಿ ತೂಕ ಇದ್ದರೂ, ಲೆಕ್ಕ ಹಾಕಿದರೆ ಅದರ ಒದೆತ 9.3ಯ ಎರಡರಷ್ಟಾಗುತ್ತದೆ. ನಿಂತು ಹೊಡೆದರೆ .470 ಕೂಡ ತಡೆದುಕೊಳ್ಳಬಹುದು. ದೇಹ ಹಿಂದಕ್ಕೆ ತೂಗುತ್ತದೆ, ಏಟು ಹಂಚಿಹೋಗುತ್ತದೆ. ಮೇಜಿಗೆ ಆನಿಸಿ ಕೂತು ಹೊಡೆದರೆ ಕಥೆ ಬೇರೆ. ತೋಟಾ ತುಂಬುವವನಿಗೆ ಮೇಜು ತಪ್ಪುವುದಿಲ್ಲ, ಅಲ್ವಾ? ಹೊಸ ಲೋಡ್, ಅಂದರೆ ಇಂಥ ಬುಲೆಟ್ಟಿಗೆ ಇಷ್ಟು ಮದ್ದು ಅನ್ನುವ ಜೋಡಣೆ, ಪರೀಕ್ಷೆ ಮಾಡಲೇಬೇಕು. ಗೆಳೆಯ ಎದೆಮಟ್ಟದ ಎತ್ತರದ ಮೇಜು ಮಾಡಿಸಿಕೊಂಡು ನಿಂತೇ ಪರೀಕ್ಷೆ ಮಾಡುತ್ತಾನೆ. ನಾನು ಮಾಮೂಲಿ ಕುರ್ಚಿಯಲ್ಲಿ ಕೂತು 9.3 ಹೊಡೆಯುತ್ತೇನೆ.

ಯಾವ ಕೋವಿಯಾದರೂ ಒಂದು ಮಾತು. ನಳಿಗೆಯನ್ನು ನೇರ ಮರಳುಚೀಲದ ಮೇಲೆ ಇಡಬೇಡಿ. ಮುಂಗೈ ಚೀಲದ ಮೇಲಿರಲಿ, ಕೋವಿ ಕೈಯೊಳಗಿರಲಿ. ಇಲ್ಲದಿದ್ದರೆ ಈಡು ಮೇಲೆ ಹಾರುತ್ತದೆ, ನೀವು ಸುಮ್ಮನೆ ಮದ್ದನ್ನು ಬೈಯುತ್ತೀರಿ.

ಈಗ ನಿಜವಾದ ತಲೆನೋವಿಗೆ ಬರೋಣ: ರೆಗ್ಯುಲೇಷನ್. ಎರಡು ನಳಿಗೆಯ ಈಡೂ ಒಂದೇ ಕಡೆ ಬೀಳುವ ಹಾಗೆ ಕೋವಿ ಮಾಡುವವನು ಹೊಂದಿಸಿಡುವ ಕೆಲಸ ಇದು. ಹೊರಗಿನಿಂದ ನೋಡಿದರೆ ನಳಿಗೆಗಳು ಸಮಾನಾಂತರ ಅನಿಸುತ್ತವೆ. ಆದರೆ ಮೂತಿಯ ಕಡೆ ಅವು ಸ್ವಲ್ಪ ಒಳಕ್ಕೆ ವಾಲಿರುತ್ತವೆ. ಯಾಕೆಂದರೆ ಬಲ ನಳಿಗೆ ಕೋವಿಯ ನಡುಗೆರೆಯಿಂದ ಬಲಕ್ಕಿದೆ. ಅದು ಸಿಡಿದಾಗ ಕೋವಿ ಹಿಂದಕ್ಕೆ ಒದೆಯುವುದರ ಜೊತೆಗೆ ಬಲಕ್ಕೂ ಮೇಲಕ್ಕೂ ತಿರುಗುತ್ತದೆ. ಎಡ ನಳಿಗೆ ಹಾಗೆಯೇ ಎಡಕ್ಕೆ. ಬುಲೆಟ್ ಇನ್ನೂ ನಳಿಗೆಯೊಳಗೆ ಓಡುತ್ತಿರುವಾಗಲೇ ಈ ತಿರುವು ಶುರುವಾಗಿರುತ್ತದೆ. ಒಳಕ್ಕೆ ವಾಲಿದ್ದು, ಹೊರಕ್ಕೆ ತಿರುಗಿದ್ದು, ಎರಡೂ ಸರಿದೂಗಿದರೆ ಈಡುಗಳು ಜೋಡಿಯಾಗಿ ಬೀಳುತ್ತವೆ. ಇದನ್ನು ಕೂಡಿಸಲು ಕುಶಲಕರ್ಮಿ ಹೊಡೆದು ನೋಡಿ, ಬೆಸುಗೆ ಕರಗಿಸಿ, ಮೂತಿಯ ನಡುವಿನ ಬೆಣೆಯನ್ನು ಕೂದಲೆಳೆಯಷ್ಟು ಸರಿಸಿ, ಮತ್ತೆ ಹೊಡೆದು ನೋಡಬೇಕು. ಅಷ್ಟೂ ಕೆಲಸ ಒಂದೇ ಒಂದು ಲೋಡಿಗೆ: ಇಂಥ ತೂಕದ ಬುಲೆಟ್, ಇಂಥ ವೇಗ.

ಆ ವೇಗ ತಪ್ಪಿದರೆ ಜೋಡಿ ಮುರಿಯುತ್ತದೆ. ಲೋಡ್ ನಿಧಾನವಾದರೆ ಬುಲೆಟ್ ನಳಿಗೆಯಲ್ಲಿ ಜಾಸ್ತಿ ಹೊತ್ತು ಇರುತ್ತದೆ, ಅಷ್ಟರಲ್ಲಿ ಕೋವಿ ಜಾಸ್ತಿ ತಿರುಗುತ್ತದೆ. ಬಲದ್ದು ಬಲಕ್ಕೆ, ಎಡದ್ದು ಎಡಕ್ಕೆ ದೂರ ಹೋಗುತ್ತದೆ. ವೇಗ ಹೆಚ್ಚಾದರೆ ಕೋವಿ ತಿರುಗುವ ಮೊದಲೇ ಬುಲೆಟ್ ಹೊರಬಿದ್ದು, ಬಲದ್ದು ಎಡಕ್ಕೂ ಎಡದ್ದು ಬಲಕ್ಕೂ ದಾಟಿ ಬೀಳುತ್ತದೆ.

.470 ನನಗೆ ಬೇಜಾರು ತರಿಸಿದ್ದು ಇಲ್ಲೇ. ಗೆಳೆಯನ ಕೋವಿಯ ನಳಿಗೆ ಅಡಿಯಲ್ಲಿ ಕಾರ್ಡೈಟ್ 75-500 ಅಂತ ಕೆತ್ತಿದೆ. 75 ಗ್ರೇನ್ ಕಾರ್ಡೈಟ್, 500 ಗ್ರೇನ್ ಬುಲೆಟ್. ಆ ಮದ್ದು ಈಗ ಅಂಗಡಿಯಲ್ಲಿ ಇಲ್ಲ. ಹೊಸ ಮದ್ದಿನಲ್ಲಿ ಅದೇ ವೇಗ ಹಿಡಿಯಬೇಕು. ಅವನು ಪೂರ್ಣ ವೇಗಕ್ಕೆ ತಂದಾಗ ಕೋವಿ ಸೊಗಸಾಗಿ ಹೊಡೆಯಿತು, ಎರಡು ನಳಿಗೆಯ ಈಡುಗಳೂ ಅಂಗೈಯಲ್ಲಿ ಮುಚ್ಚಬಹುದಾದಷ್ಟು ಹತ್ತಿರ. ಆದರೆ ಪೂರ್ಣ ಲೋಡಿನಲ್ಲಿ ಎಷ್ಟು ಅಂತ ಹೊಡೆಯುವುದು? ಸ್ವಲ್ಪ ಹೊತ್ತಿಗೆ ಭುಜ ಬೇಡ ಅನ್ನುತ್ತದೆ. ಕಣ್ಣು ಮುಚ್ಚಿಕೊಂಡು ಟ್ರಿಗರ್ ಜಗ್ಗುವ ಚಾಳಿ ಶುರುವಾಗುತ್ತದೆ. ಸರಿ, ಅಭ್ಯಾಸಕ್ಕೆ ಹಗುರ ಲೋಡ್ ಮಾಡೋಣ ಅಂದರೆ ಈಡುಗಳು ಗುರಿಹಲಗೆಯ ಆ ಅಂಚಿಗೊಂದು ಈ ಅಂಚಿಗೊಂದು, ಅದೂ ಮೇಲಕ್ಕೆ. ಮುಂಡ ಉಳಿಸಲು ಹೋದರೆ ತಲೆ ಹೋಯಿತು. ಕೊನೆಗೆ ಹಗುರ ಲೋಡು ಹತ್ತಿರದ ಗುರಿಗೆ, ಒಂದೇ ನಳಿಗೆಯಲ್ಲಿ ಟ್ರಿಗರ್ ಅಭ್ಯಾಸಕ್ಕೆ ಅಂತ ಉಳಿಯಿತು.

9.3ಯಲ್ಲಿ ಈ ಇಕ್ಕಟ್ಟು ನನಗೆ ಎದುರಾಗಲೇ ಇಲ್ಲ. ರೆಗ್ಯುಲೇಷನ್ ನಿಯಮ ಇದಕ್ಕೂ ಅದೇ. ಆದರೆ ಪೂರ್ಣ ಲೋಡನ್ನೇ ಬೇಕಾದಷ್ಟು ಹೊತ್ತು ಹೊಡೆಯಬಹುದು. ಹಾಗಾಗಿ ಹಗುರ ಲೋಡಿನ ಗೊಡವೆಯೇ ಬೇಡ. ಯಾವ ತೋಟಾದಲ್ಲಿ ಕೋವಿ ಸರಿಯಾಗಿ ಹೊಡೆಯುತ್ತದೋ ಅದರಲ್ಲೇ ಅಭ್ಯಾಸ. ನನ್ನ ಓಟು ಬಿದ್ದದ್ದು ಮುಖ್ಯವಾಗಿ ಇದಕ್ಕೆ.

ಲೋಡ್ ಹುಡುಕುವ ಬಗೆಯನ್ನೂ ಹೇಳಿಬಿಡುತ್ತೇನೆ. ಕೋವಿಯನ್ನು ಯಾವ ತೂಕದ ಬುಲೆಟ್ಟಿಗೆ ಹೊಂದಿಸಿದ್ದಾರೋ ಅದೇ ತೂಕ ಹಿಡಿಯಿರಿ. ಪ್ರಕಟವಾದ ಕೈಪಿಡಿಯ ಕಡಿಮೆ ಅಳತೆಯಿಂದ ಶುರು ಮಾಡಿ ನಿಧಾನಕ್ಕೆ ಏರಿ. ಬುಲೆಟ್ಟಿನ ವೇಗ ಅಳೆಯುವ ಕ್ರೋನೋಗ್ರಾಫ್ ಎದುರಿಗಿರಲಿ. ಒಂದು ಬಲ, ಒಂದು ಎಡ, ಹೊಡೆದು ನಳಿಗೆ ತಣ್ಣಗಾಗಲು ಬಿಡಿ. ಬಿಸಿ ನಳಿಗೆ ಸುಳ್ಳು ಹೇಳುತ್ತದೆ. ಬಲದ ಈಡುಗಳ ನಡುಬಿಂದು, ಎಡದ ಈಡುಗಳ ನಡುಬಿಂದು ಬೇರೆ ಬೇರೆ ಗುರುತಿಸಿ. ಎರಡು ನಳಿಗೆಗಳ ನಡುವೆ ಎಷ್ಟು ದೂರ ಇದೆಯೋ, ಬಿಂದುಗಳ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇದ್ದು, ಬಲದ್ದು ಬಲಕ್ಕೆ ಎಡದ್ದು ಎಡಕ್ಕೆ ಇದ್ದರೆ ಅಲ್ಲಿಗೆ ನಿಲ್ಲಿಸಿ. ಎರಡನ್ನೂ ಒಂದೇ ತೂತಿಗೆ ಇಳಿಸಲು ಹೋದರೆ ದೂರದಲ್ಲಿ ದಾಟುತ್ತವೆ. ಕೈಪಿಡಿಯ ಗರಿಷ್ಠ ಅಳತೆ ಮುಟ್ಟಿದರೂ ಜೋಡಿ ಕೂಡದಿದ್ದರೆ ಮುಂದೆ ಏರಬೇಡಿ. ಮದ್ದು ಬದಲಿಸಿ, ಇಲ್ಲವೇ ಬುಲೆಟ್ ಬದಲಿಸಿ.

ಖಾಲಿ ಜಾಗ .470ಯ ಇನ್ನೊಂದು ಕಿರಿಕಿರಿ. ಅದರ ಕೇಸು (ಮದ್ದು ತುಂಬುವ ಲೋಹದ ಕೊಳವೆ) 3¼ ಇಂಚು ಉದ್ದ, ಕಾರ್ಡೈಟ್ ಕಡ್ಡಿಗಳನ್ನು ಕಟ್ಟಾಗಿ ತುಂಬುತ್ತಿದ್ದ ಕಾಲದ್ದು. ಇವತ್ತಿನ ಮದ್ದನ್ನು ಹಾಕಿದರೆ ಎಷ್ಟೋ ಸಲ ಒಳಗೆ ಜಾಗ ಉಳಿಯುತ್ತದೆ. ಕೋವಿ ಕೆಳಗೆ ಬಾಗಿಸಿದರೆ ಮದ್ದು ಬುಲೆಟ್ ಕಡೆಗೆ ಸರಿಯುತ್ತದೆ, ಎತ್ತಿದರೆ ಹಿಂದೆ ಕಿಡಿ ಹೊತ್ತಿಸುವ ಪ್ರೈಮರ್ ಕಡೆಗೆ. ವೇಗ ಏರುಪೇರಾಗುತ್ತದೆ. ವೇಗ ಏರುಪೇರಾದರೆ ಜೋಡಿ ಏನಾಗುತ್ತದೆ ಅಂತ ಮೇಲೆ ಹೇಳಿದೆನಲ್ಲ. ಅದಕ್ಕೆ ಕೆಲವರು ಫೋಮ್ ತುಂಡು ಕತ್ತರಿಸಿ ಮದ್ದಿನ ಮೇಲೆ ಒತ್ತುತ್ತಾರೆ. ಇದರಲ್ಲಿ ಸ್ವಂತ ತಲೆ ಓಡಿಸಬೇಡಿ. ಫಿಲ್ಲರ್ ಯಾವುದು, ಎಷ್ಟು ಅಂತ ಪ್ರಕಟವಾದ ಲೋಡಿನಲ್ಲೇ ಹೇಳಿರಬೇಕು. ಫಿಲ್ಲರಿಗೂ ಬುಲೆಟ್ಟಿಗೂ ನಡುವೆ ಗಾಳಿ ಉಳಿದರೆ ನಳಿಗೆಯಲ್ಲಿ ಬಳೆಯಂಥ ಉಬ್ಬು ಬರಬಹುದು. ನಿಧಾನ ಉರಿಯುವ ಮದ್ದು ಕೇಸು ತುಂಬುತ್ತದೆ, ಫಿಲ್ಲರ್ ಬೇಡ. ಆದರೆ ಒಂದೊಂದು ತೋಟಾಕ್ಕೂ 100 ಗ್ರೇನ್ ಆಸುಪಾಸು ಬೇಕು, ಮದ್ದಿನ ತೂಕವೂ ಸೇರಿ ಒದೆತ ಇನ್ನಷ್ಟು ಜಾಸ್ತಿ. ಪೌಂಡಿಗೆ 7000 ಗ್ರೇನ್, ಡಬ್ಬಿ ಎಷ್ಟು ಬೇಗ ಖಾಲಿ ಅಂತ ನೀವೇ ಲೆಕ್ಕ ಹಾಕಿ. 9.3ಯ ಕೇಸು ಸಪೂರ. ಮಾಮೂಲಿ ರೈಫಲ್ ಮದ್ದುಗಳೇ ಅದನ್ನು ಚೆನ್ನಾಗಿ ತುಂಬುತ್ತವೆ, ಫಿಲ್ಲರ್ ಅನ್ನುವ ಮಾತೇ ನಮ್ಮ ಮೇಜಿನ ಈ ಬದಿಯಲ್ಲಿ ಇಲ್ಲ.

ಬುಲೆಟ್ ಸಿಗುವ ವಿಷಯದಲ್ಲೂ 9.3 ಮುಂದು. 9.3×62 ಬೋಲ್ಟ್ ರೈಫಲಿನ (ಹಿಂದಿನ ಅಗುಳಿಯನ್ನು ಕೈಯಿಂದ ಎಳೆದು ತಳ್ಳುವ ಒಂಟಿ ನಳಿಗೆ ಕೋವಿಯ) ಬುಲೆಟ್ಟುಗಳೇ ಇದಕ್ಕೂ ಆಗುತ್ತವೆ. ಆಯ್ಕೆ ಬೇಕಾದಷ್ಟಿದೆ. ಹಳೇ .470ಯಲ್ಲಿ ಪೂರ್ತಿ ತಾಮ್ರದ ಗಟ್ಟಿ ಬುಲೆಟ್ ಹಾಕುವ ಮೊದಲು ನಳಿಗೆಯ ಒಳ ಅಳತೆ ತೆಗೆಸಿ. ತೆಳು ನಳಿಗೆಗೆ ಅವು ಒಗ್ಗುವುದಿಲ್ಲ.

ಕೇಸಿನ ಬಾಯಿಯನ್ನು ಬುಲೆಟ್ಟಿನ ಸುತ್ತ ಅಮುಕಿ ಬಿಗಿ ಮಾಡುವುದು (ಕ್ರಿಂಪ್) .470ಗೆ ಕಡ್ಡಾಯ. ಮೊದಲ ಈಡಿನ ಒದೆತಕ್ಕೆ ಎರಡನೇ ನಳಿಗೆಯ ಬುಲೆಟ್ ಜರುಗಬಹುದು. 9.3ಯಲ್ಲೂ ನಾನು ಹಗುರವಾಗಿ ಮಾಡುತ್ತೇನೆ.

ಹೊಡೆದು ಉಬ್ಬಿದ ಕೇಸನ್ನು ಮತ್ತೆ ಅಳತೆಗೆ ಒತ್ತುವ ಸೈಜಿಂಗ್ ಎರಡಕ್ಕೂ ಒಂದೇ: ಪೂರ್ತಿ. ಬೋಲ್ಟ್ ಆದರೆ ಬಿಗಿ ತೋಟಾವನ್ನು ಒತ್ತಿ ಒಳಗೆ ಕೂರಿಸುತ್ತದೆ, ಬಿಗಿ ಕೇಸನ್ನು ತಿರುಚಿ ಹೊರಗೆ ಎಳೆಯುತ್ತದೆ. ನಡುವೆ ಮಡಚಿ ತೆರೆಯುವ ಜೋಡುನಳಿಗೆಗೆ ಆ ಬಲ ಇಲ್ಲ. ಮದ್ದು ತುಂಬುವ ಮುಂಚೆಯೇ ಖಾಲಿ ಕೇಸು ಹಾಕಿ ನೋಡಿ, ಕೋವಿ ತಾನಾಗಿ ಮುಚ್ಚಬೇಕು. ತೋಟಾ ತುಂಬುವವರಿಗೆ ಖಾಲಿ ಕೇಸನ್ನು ಹೊರಗೆಸೆಯುವ ಎಜೆಕ್ಟರಿಗಿಂತ ಸುಮ್ಮನೆ ಮೇಲೆತ್ತಿ ಕೊಡುವ ಎಕ್ಸ್‌ಟ್ರಾಕ್ಟರ್ ಒಳ್ಳೆಯದು. ಹುಲ್ಲಿನಲ್ಲಿ ಕೇಸು ಹುಡುಕುವ ಕೆಲಸ ತಪ್ಪುತ್ತದೆ.

ಎರಡು ಟ್ರಿಗರಿನ ಕೋವಿಯಲ್ಲಿ ಮುಂದಿನದು ಸಾಮಾನ್ಯವಾಗಿ ಬಲ ನಳಿಗೆಗೆ, ಹಿಂದಿನದು ಎಡಕ್ಕೆ. ಒದೆತಕ್ಕೆ ಬೆರಳು ಜಾರಿ ಹಿಂದಿನದಕ್ಕೂ ತಾಗಿದರೆ ಎರಡೂ ಒಟ್ಟಿಗೆ ಸಿಡಿಯುತ್ತವೆ. .470ಯಲ್ಲಿ ಅದು ತಮಾಷೆಯಲ್ಲ. ಹೊಸಬರು ಶುರುವಿನಲ್ಲಿ ಒಂದೇ ನಳಿಗೆಗೆ ತೋಟಾ ಹಾಕಿ.

ಮಧ್ಯದಲ್ಲಿ .450/400 ಇದೆ. 400 ಗ್ರೇನ್ ಬುಲೆಟ್, .470ಗಿಂತ ಮೆತ್ತಗೆ, ಹೊಡೆಯಲು ನಿಜಕ್ಕೂ ಚೆಂದ. ಆದರೆ ಬುಲೆಟ್ ಆಯ್ಕೆ ಕಡಿಮೆ. ಹಳೇ ಕೋವಿಗಳಲ್ಲಿ 3 ಇಂಚಿನದು, 3¼ ಇಂಚಿನದು ಅಂತ ಎರಡು ಬೇರೆ ಬೇರೆ ಕೇಸುಗಳಿವೆ, ಒಂದರದು ಇನ್ನೊಂದಕ್ಕೆ ಆಗದು. ಒಳ್ಳೆಯದೊಂದು ಕೈಗೆ ಸಿಕ್ಕರೆ ಬಿಡಬೇಡಿ, ಹುಡುಕಿಕೊಂಡು ಹೋಗುವುದಾದರೆ 9.3 ಸುಲಭ.

.470 ಯಾರಿಗೆ? ಆಫ್ರಿಕಾದಲ್ಲಿ ಕಾಡೆಮ್ಮೆ, ಆನೆಯ ಎದುರು ನಿಲ್ಲುವವರಿಗೆ. ಅಲ್ಲಿ ಹಲವು ದೇಶಗಳಲ್ಲಿ ಕನಿಷ್ಠ .375 ಇಂಚು ಅನ್ನುವ ನಿಯಮ ಇದೆ, 9.3 ಅದಕ್ಕಿಂತ ಕೂದಲಷ್ಟು ಸಣ್ಣದು, ಕೆಲವು ಕಡೆ ಮಾತ್ರ ವಿನಾಯಿತಿ. ನನಗೆ ಆ ಯೋಚನೆ ಇಲ್ಲ. ನಾನು ಹೊಡೆಯುವುದು ಹೆಚ್ಚಾಗಿ ಕಾಗದಕ್ಕೆ, ಒಮ್ಮೆ ಹೋದರೆ ಸಂಜೆವರೆಗೆ. ಕೈಯಲ್ಲಿರುವ ದುಡ್ಡಿಗೆ ಕೋವಿ ಒಂದೇ ಬರುತ್ತದೆ, ಉಳಿದದ್ದು ಬುಲೆಟ್, ಮದ್ದು, ಪ್ರೈಮರಿಗೆ ಸಾಕಾಗಬೇಕು. ಮನಸ್ಸು .470ಗೇ ಎಳೆಯುತ್ತಿದ್ದರೆ ಕೋವಿಯ ಜೊತೆಗೇ ಡೈ (ಕೇಸಿಗೆ ಆಕಾರ ಕೊಡುವ ಅಚ್ಚು), ಖಾಲಿ ಕೇಸು, ಹಿಂದಿನ ಮಾಲೀಕ ಬರೆದಿಟ್ಟ ಲೋಡಿನ ಚೀಟಿ ಇದ್ದರೆ ಕೇಳಿ ಪಡೆಯಿರಿ. ಉದ್ದ ತೋಟಾ ಕೂರುವಷ್ಟು ಬಾಯಿ ಇರುವ ಪ್ರೆಸ್ (ಡೈ ಕೂರಿಸಿ ಒತ್ತುವ ಯಂತ್ರ) ಇದೆಯಾ ಅಂತಲೂ ನೋಡಿಕೊಳ್ಳಿ. ಚೀಟಿಯಲ್ಲಿರುವ ಅಳತೆಯನ್ನು ಕೈಪಿಡಿಯ ಜೊತೆ ತಾಳೆ ನೋಡದೆ ತುಂಬಬೇಡಿ.