ಮನೆಬಾಗಿಲಿಗೆ ಬಂದ ಮತಪತ್ರ: ಹಳ್ಳಿಮನೆಯಿಂದ ಒಂದು ವಿಮರ್ಶೆ

80 ವರ್ಷ ತುಂಬಿದವರಿಗೂ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಉಳ್ಳವರಿಗೂ ಮನೆಯಲ್ಲಿಯೇ ಮತ ಹಾಕುವ ಸೌಲಭ್ಯ ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಮೊದಲ ಬಾರಿಗೆ ದೊರೆತದ್ದು 2023ರಲ್ಲಿ. ಹೋಟೆಲು, ಮೊಬೈಲುಗಳ ಗುಣದೋಷಗಳನ್ನು ಬರೆಯುವ ನಾವು ಸರ್ಕಾರಿ ಸೇವೆಯೊಂದನ್ನು ಹಾಗೆ ತೂಗಿ ನೋಡುವುದು ಕಡಿಮೆ. ಅಡಿಕೆ ತೋಟದ ಸಂಕ ದಾಟಿ, ಗುಡ್ಡ ಹತ್ತಿ ಇಳಿದ ಮೇಲಷ್ಟೇ ಬಸ್ಸಿನ ರಸ್ತೆ ಕಾಣುವ ಮಲೆನಾಡಿನ ಒಂಟಿಮನೆಯೊಂದರಲ್ಲಿ ನಮ್ಮ ಅಜ್ಜಿ ಈ ಸೇವೆಯನ್ನು ಪಡೆದುದರಿಂದ, ಅದರ ಬಗ್ಗೆ ಬರೆಯುವುದು ಸೂಕ್ತವೆನಿಸಿತು.

ಇದಕ್ಕಾಗಿ ಚುನಾವಣಾ ಅಧಿಸೂಚನೆ ಹೊರಬಿದ್ದ 5 ದಿನಗಳೊಳಗೆ ನಮೂನೆ 12ಡಿ ತುಂಬಿ ಕೊಡಬೇಕು. ನಮೂನೆಯನ್ನು ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೇ ತಂದುಕೊಡುತ್ತಾರೆಂಬುದು ನಿಯಮವಾದರೂ, ನಮ್ಮ ಕಡೆ ಆ ಸುದ್ದಿ ತಲುಪುವಷ್ಟರಲ್ಲಿ ಅವಧಿ ಮುಗಿಯುತ್ತ ಬಂದಿತ್ತು. ತಂಡ ಬರುವ ದಿನವನ್ನು ಮುಂಚೆ ತಿಳಿಸಿದರಾದರೂ ಹೊತ್ತನ್ನು ಹೇಳಲಿಲ್ಲ; ಬೆಳಗ್ಗೆಯೇ ಸ್ನಾನ ಮುಗಿಸಿ ಜಗಲಿಯಲ್ಲಿ ಕುಳಿತ ಅಜ್ಜಿ ಮಧ್ಯಾಹ್ನದ ಊಟವನ್ನೂ ಅಲ್ಲಿಯೇ ಮಾಡಿದರು.

ಇವು ಸಣ್ಣ ಕೊರತೆಗಳು. ತಂಡ ಬಂದ ಮೇಲೆ ನಡೆದದ್ದೆಲ್ಲ ಅಚ್ಚುಕಟ್ಟಾಗಿತ್ತು. ಇಬ್ಬರು ಮತಗಟ್ಟೆ ಅಧಿಕಾರಿಗಳು, ಒಬ್ಬ ಪೊಲೀಸ್, ಒಬ್ಬ ವಿಡಿಯೋಗ್ರಾಫರ್ ಸಂಕ ದಾಟಿ ನಡೆದೇ ಬಂದಿದ್ದರು. ಗುರುತಿನ ಚೀಟಿಯನ್ನು ಪಟ್ಟಿಯೊಂದಿಗೆ ತಾಳೆ ನೋಡಿ, ಘೋಷಣಾ ಪತ್ರಕ್ಕೆ ಹೆಬ್ಬೆಟ್ಟು ಹಾಕಿಸಿಕೊಂಡು, ಮಣೆಯ ಮೇಲೆ ರಟ್ಟಿನ ಮರೆಯನ್ನು ನಿಲ್ಲಿಸಿದರು. ಕ್ಯಾಮೆರಾ ಅಷ್ಟು ಹೊತ್ತು ಬೇರೆಡೆ ತಿರುಗಿತು. ನಮ್ಮನ್ನೆಲ್ಲ ಅಂಗಳಕ್ಕೆ ಕಳುಹಿಸಲಾಯಿತು. ಗುರುತು ಮಾಡಿದ ಮತಪತ್ರವನ್ನು ಅಜ್ಜಿ ಮಡಿಸಿ ಸಣ್ಣ ಲಕೋಟೆಯೊಳಗೆ ಇಟ್ಟರು. ಘೋಷಣಾ ಪತ್ರದೊಂದಿಗೆ ಅದು ದೊಡ್ಡ ಲಕೋಟೆಯೊಳಗೆ ಸೇರಿತು. ಎರಡಕ್ಕೂ ಅಂಟು ಬಿತ್ತು. ಅಂಟು ಸರಿಯಾಗಿ ಹಿಡಿದಿದೆಯೇ ಎಂದು ಅಜ್ಜಿ ಬೆರಳಿನಿಂದ ಒತ್ತಿ ನೋಡಿಯೇ ಲಕೋಟೆಯನ್ನು ಬಿಟ್ಟುಕೊಟ್ಟರು. ಯಾರಿಗೆ ಹಾಕಿದರೆಂದು ಮಗನಿಗೂ ಹೇಳಲಿಲ್ಲ.

ಅವರ ಈ ಎಚ್ಚರಕ್ಕೆ ಹಿನ್ನೆಲೆಯಿದೆ. ಅಜ್ಜಿ ಮೊದಲು ಮತ ಹಾಕಿದ್ದು 1957ರಲ್ಲಿ. ಆಗ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆಗಳಿದ್ದವು, ಚೀಟಿಯನ್ನು ಮೆಚ್ಚಿದ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಆಸ್ತಿ, ತೆರಿಗೆ, ಓದುಗಳ ಅರ್ಹತೆ ಇದ್ದವರಷ್ಟೇ ಮತದಾರರಾಗಿದ್ದ ಕಾಲವನ್ನು ಕಂಡ ಅವರ ತಂದೆಗೆ, ಓದು ಬಾರದ ಗೇಣಿದಾರನೂ ಒಡೆಯನೂ ಒಂದೇ ಸಾಲಿನಲ್ಲಿ ನಿಲ್ಲುವುದು ನಂಬಲಾಗದ ಸಂಗತಿಯಾಗಿತ್ತಂತೆ. ಸಂವಿಧಾನ 1950ರಲ್ಲಿ ಕೊಟ್ಟ ಆ ಹಕ್ಕನ್ನು ಅಜ್ಜಿ ಎಂದೂ ಸಲೀಸಾಗಿ ಎಣಿಸಲಿಲ್ಲ. ಒಂದು ಮತಕ್ಕಾಗಿ ನಾಲ್ವರು ಮನೆಯವರೆಗೆ ನಡೆದು ಬಂದದ್ದನ್ನು ಕಂಡು ಅವರು ಕೃತಜ್ಞತೆಯಿಂದ ಕೈಮುಗಿದರು. ತಂಡದವರು ಬೇಡವೆಂದರೂ ಮಜ್ಜಿಗೆ ಕುಡಿಸಿಯೇ ಕಳುಹಿಸಿದರು. (ಚುನಾವಣಾ ಸಿಬ್ಬಂದಿ ಮಜ್ಜಿಗೆ ಕುಡಿಯುವುದು ನೀತಿಸಂಹಿತೆಯ ಉಲ್ಲಂಘನೆಯಾಗಲಾರದೆಂದು ನಂಬಿದ್ದೇನೆ.)

ಸೇವೆಯ ನಿಜವಾದ ದೋಷ ಅದರ ವಯೋಮಿತಿಯಲ್ಲಿದೆ. 2024ರ ಲೋಕಸಭಾ ಚುನಾವಣೆಗೆ ಮುನ್ನ ಅದನ್ನು 85ಕ್ಕೆ ಏರಿಸಲಾಯಿತು. ಅಜ್ಜಿಗೆ ಇದರಿಂದ ತೊಂದರೆಯಾಗಲಿಲ್ಲ. ಆದರೆ ಹಿಂದಿನ ವರ್ಷ ಮನೆಯಲ್ಲಿ ಮತ ಹಾಕಿದ್ದ, ಅಂಗವೈಕಲ್ಯದ ಪ್ರಮಾಣಪತ್ರವಿಲ್ಲದ ನೆರೆಮನೆಯ ಹಿರಿಯರನ್ನು ಈ ಬಾರಿ ಕುರ್ಚಿಯಲ್ಲಿ ಕೂರಿಸಿ ಹೊತ್ತು ಒಯ್ಯಬೇಕಾಯಿತು. ಪೇಟೆಯಲ್ಲಿ 82ರ ವೃದ್ಧರು ಆಟೋ ಹತ್ತಿ ಮತಗಟ್ಟೆಯ ಬಾಗಿಲಲ್ಲಿ ಇಳಿಯಬಹುದು. ಗುಡ್ಡದ ಹಾದಿಯಲ್ಲಿ ಅದೇ ವಯಸ್ಸಿನ ಲೆಕ್ಕವೇ ಬೇರೆ. ವಯಸ್ಸಿನ ಜೊತೆಗೆ ದಾರಿಯನ್ನೂ ಪರಿಗಣಿಸುವ ನಿಯಮವೊಂದು ಬರಬೇಕು.

ಇನ್ನೊಂದು ವಿಷಯ ತಿಳಿದಿರಲಿ: 12ಡಿ ಅರ್ಜಿ ಅಂಗೀಕಾರವಾದ ಮೇಲೆ ಮತಗಟ್ಟೆಗೆ ಹೋಗಿ ಮತ ಹಾಕುವಂತಿಲ್ಲ. ಶಾಲೆಯ ಅಂಗಳದಲ್ಲಿ ಊರವರೆಲ್ಲ ಸೇರುವ ಆ ದಿನವನ್ನು ಅಜ್ಜಿ ಕಳೆದುಕೊಂಡರು, ಅದರ ಕೊರಗು ಅವರಿಗಿದೆ. ಹಾಗಾಗಿ ಕೋಲೂರಿಕೊಂಡಾದರೂ ನಡೆಯಬಲ್ಲವರು ಮತಗಟ್ಟೆಗೇ ಹೋಗುವುದು ಮೇಲು. ಹಾಸಿಗೆ ಹಿಡಿದವರು ಮನೆಯಲ್ಲಿದ್ದರೆ ಮಾತ್ರ ಹಿಂಜರಿಯದೆ ಈ ಸೇವೆಯನ್ನು ಪಡೆಯಿರಿ, ಅಧಿಸೂಚನೆ ಬಂದ ದಿನವೇ ಬಿಎಲ್‌ಒಗೆ ಫೋನ್ ಮಾಡಿ.